ಫ್ಯಾನ್ ಆರಿಸಿ, ಹಾಡಿ

ಹನುಮಂತನಗರದ ಆ ಮನೆಯ ಅಡುಗೆಮನೆ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಾರೆ. ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದ ಸೂಚನೆ: ‘ಕೆಂಪು ದೀಪ ಹತ್ತಿದ್ದರೆ ಕುಕ್ಕರ್ ಇಡಬೇಡಿ. ಮಿಕ್ಸಿಯೂ ಬೇಡ.’ ದೀಪ ಇರುವುದು ಮಹಡಿ ಮೆಟ್ಟಿಲ ಬುಡದಲ್ಲಿ, ದೀಪಾವಳಿಗೆ ತಂದ ಸೀರಿಯಲ್ ಸೆಟ್ಟಿನಲ್ಲಿ ಉಳಿದ ಒಂದು ತುಂಡು. ಸ್ವಿಚ್ಚು ಮೇಲಿನ ಕೋಣೆಯಲ್ಲಿದೆ. ಮನೆಯಾಕೆಗೆ ಈ ಏರ್ಪಾಡು ಅಷ್ಟೇನೂ ಹಿಡಿಸಿಲ್ಲ. ‘ಇವರ ಹಾಡು ಮುಗಿಯೋ ಹೊತ್ತಿಗೆ ನೆನೆಹಾಕಿದ ಹೆಸರುಕಾಳಿಗೆ ಮೊಳಕೆ ಬಂದಿರುತ್ತೆ’ ಎನ್ನುತ್ತಲೇ ನನಗೆ ಕಾಫಿ ಕೊಟ್ಟರು.

ಮನೆ ಸಂಗೀತದ ಮೇಷ್ಟ್ರದು. ಕರ್ನಾಟಕ ಸಂಗೀತ ಪಾಠ ಹೇಳುತ್ತಾರೆ, ನಡುನಡುವೆ ಭಾವಗೀತೆಗಳಿಗೆ ರಾಗ ಹಾಕುತ್ತಾರೆ. ಅವರ ಹತ್ತಿರ ಕಲಿತ ಕೆಲವರು ಈಗ ನ್ಯೂಜೆರ್ಸಿಯಲ್ಲೂ ಸ್ಯಾನ್ ಹೋಸೆಯಲ್ಲೂ ಸಂಸಾರ ಹೂಡಿದ್ದಾರೆ, ತಮ್ಮ ಮಕ್ಕಳಿಗೂ ಇದೇ ಮೇಷ್ಟ್ರ ಪಾಠ ಬೇಕು ಎನ್ನುತ್ತಾರೆ. ಇಷ್ಟು ದಿನ ಫೋನನ್ನು ಶ್ರುತಿಪೆಟ್ಟಿಗೆಗೆ ಒರಗಿಸಿ ಹಾಡಿ ಕಳಿಸುತ್ತಿದ್ದರು. ಶ್ರುತಿ ಭರ್ಜರಿಯಾಗಿ ಕೇಳುತ್ತಿತ್ತು, ಮೇಷ್ಟ್ರು ಮಾತ್ರ ಎಲ್ಲೋ ಪಕ್ಕದ ಮನೆಯಲ್ಲಿರುತ್ತಿದ್ದರು. ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗಳಿಗೆ ಇದನ್ನು ಕೇಳಿ ಕೇಳಿ ಸಾಕಾಯಿತು. ಅವಳೂ ಕೀಬೋರ್ಡ್ ನುಡಿಸುತ್ತಾಳೆ. ಮಹಡಿ ಕೋಣೆಯನ್ನು ರೆಕಾರ್ಡಿಂಗಿಗೆ ಸಜ್ಜು ಮಾಡುತ್ತೇನೆ ಎಂದು ಅವಳು ಹೊರಟಾಗಿನಿಂದ ನಾನೂ ಬೆನ್ನು ಬಿದ್ದಿದ್ದೆ. ಸಾಮಾನು ತರುವಾಗ ಜೊತೆಗಿದ್ದೆ. ಇವತ್ತು ಮೊದಲ ಪಾಠ ರೆಕಾರ್ಡ್ ಮಾಡುವ ದಿನ.

ಕೋಣೆ 12 ಅಡಿ ಉದ್ದ, 10 ಅಡಿ ಅಗಲ. ಒಳಗೆ ಕಾಲಿಟ್ಟ ಕೂಡಲೇ ಕಣ್ಣು ಹುಡುಕುವುದು ಕಂಪ್ಯೂಟರನ್ನು. ಅದೇ ಅಲ್ಲಿಲ್ಲ. ಮೇಜಿನ ಮೇಲೆ ಮಾನಿಟರ್ ಇದೆ, ಕೀಬೋರ್ಡು ಮೌಸು ಇವೆ, ಅಂಗೈಗಿಂತ ಸ್ವಲ್ಪ ದೊಡ್ಡ ಲೋಹದ ಡಬ್ಬಿಯೊಂದಿದೆ. ಡಬ್ಬಿಯ ಬೆನ್ನಿಂದ ಹೊರಟ ವೈರು ಗೋಡೆಯಲ್ಲಿ ಕೊರೆಸಿದ ಎರಡಿಂಚಿನ ತೂತಿನೊಳಗೆ ಮಾಯವಾಗುತ್ತದೆ. ತೂತಿಗೆ ಹಳೇ ಬೆಡ್‌ಶೀಟಿನ ಚಿಂದಿ ತುರುಕಿದ್ದಾಳೆ. ಗೋಡೆಯ ಆಚೆ ಪ್ಯಾಸೇಜು. ಅಲ್ಲಿ ಚಪ್ಪಲಿ ಸ್ಟ್ಯಾಂಡಿನ ನೆತ್ತಿಯ ಮೇಲೆ ಕಂಪ್ಯೂಟರಿನ ಕ್ಯಾಬಿನೆಟ್ಟು ಕೂತಿದೆ.

‘ಎಷ್ಟೇ ಸೈಲೆಂಟ್ ಅಂತ ಬರೆದಿದ್ರೂ ಫ್ಯಾನ್ ಫ್ಯಾನೇ ಅಂಕಲ್. ಗೋಡೆ ಆಚೆ ಇಟ್ಟುಬಿಟ್ರೆ ಜಗಳವೇ ಇಲ್ಲ. ಯುಎಸ್‌ಬಿ ಕೇಬಲ್ ಐದು ಮೀಟರ್ ದಾಟಬಾರದು, ಅಷ್ಟು ನೋಡ್ಕೊಂಡ್ರೆ ಆಯ್ತು.’

ನಮ್ಮ ಕಿವಿ ಫ್ಯಾನಿನ ಸದ್ದನ್ನು ಐದು ನಿಮಿಷದಲ್ಲಿ ಮರೆತುಬಿಡುತ್ತದೆ, ಕಂಡೆನ್ಸರ್ ಮೈಕು ಮರೆಯುವುದಿಲ್ಲ. ಹಾಡಿನ ನಡುವೆ ಉಸಿರು ತೆಗೆದುಕೊಳ್ಳುವ ಆ ಅರೆಕ್ಷಣದಲ್ಲಿ ಕಂಪ್ಯೂಟರಿನ ಗುಂಯ್ ಎನ್ನುವ ಸದ್ದು ಮುಂದೆ ಬಂದು ನಿಲ್ಲುತ್ತದೆ. ಸಂಗೀತಕ್ಕೆ ಬೇಕಾದ ಯಂತ್ರ ಅಂದರೆ ವೇಗದ ಯಂತ್ರ ಎಂದು ಹೆಚ್ಚಿನವರು ತಿಳಿದಿದ್ದಾರೆ. ಈ ಮನೆಯಲ್ಲಿ ನೋಡಿದ ಮೇಲೆ ನನಗೆ ಅನ್ನಿಸಿದ್ದೇ ಬೇರೆ. ಅದು ಸುಮ್ಮನಿರುವ ಯಂತ್ರವಾಗಿರಬೇಕು. ಕಿವಿಗೂ ಸುಮ್ಮನಿರಬೇಕು, ಒಳಗೆ ತನ್ನ ಪಾಡಿಗೆ ತಾನು ನೂರೆಂಟು ಕೆಲಸ ಹಚ್ಚಿಕೊಳ್ಳದೆಯೂ ಸುಮ್ಮನಿರಬೇಕು. ಎರಡನೆಯದು ಕಷ್ಟ, ಅದರ ಮಾತು ಆಮೇಲೆ.

ಸಾಮಾನು ಬಂದದ್ದು ಎಸ್‌ಪಿ ರೋಡಿನಿಂದ. ಸಾದರ ಪತ್ರಪ್ಪ ರಸ್ತೆ ಎಂದು ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಗಳಿಗೆ ಯೋಚಿಸುತ್ತಾರೆ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು, ಮೊದಲು ಬಳೇಪೇಟೆಯ ವಾದ್ಯದಂಗಡಿಯಲ್ಲಿ ಮೇಷ್ಟ್ರ ತಂಬೂರಿಗೆ ತಂತಿ ಕೊಂಡು, ಅವೆನ್ಯೂ ರೋಡಿನ ಜನಜಾತ್ರೆ ದಾಟಿ ನಡೆದೇ ಹೋದೆವು. ಅಂಗಡಿ ಅಂದರೆ ಗೋಡೆಯುದ್ದಕ್ಕೂ ಸೂರಿನ ತನಕ ಪೆಟ್ಟಿಗೆಗಳು, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಮ್ಯೂಸಿಕ್ಕಿಗೆ ಅಂದ ಕೂಡಲೇ ಅಂಗಡಿಯವರ ಮುಖ ಅರಳಿತು.

‘ಹಂಗಾದ್ರೆ ಈ ಗ್ರಾಫಿಕ್ಸ್ ಕಾರ್ಡ್ ಹಾಕ್ಕೊಳಿ ಮೇಡಂ, ಫುಲ್ ಪವರ್ ಬರುತ್ತೆ. ಕ್ಯಾಬಿನೆಟ್ ಇದು ನೋಡಿ. ಮೂರು ಫ್ಯಾನು, ಮೂರಕ್ಕೂ ಲೈಟು.’

‘ಲೈಟ್ ರೆಕಾರ್ಡ್ ಆಗಲ್ಲಣ್ಣ, ಫ್ಯಾನ್ ಆಗುತ್ತೆ. ಸದ್ದಿಲ್ಲದ್ದು ಯಾವ್ದಾದ್ರೂ ಕೊಡಿ.’

ಅವರು ಅರೆಮನಸ್ಸಿನಿಂದ ಮೂಲೆಯಿಂದ ಒಂದು ಕಪ್ಪು ಕ್ಯಾಬಿನೆಟ್ ಎಳೆದರು. ಒಳಗೆ ದೊಡ್ಡ ಫ್ಯಾನು, 140 ಮಿಲಿಮೀಟರಿನದು. ಚಿಕ್ಕ ಫ್ಯಾನು ಅಷ್ಟೇ ಗಾಳಿ ತಳ್ಳಬೇಕಾದರೆ ಜೋರಾಗಿ ತಿರುಗಬೇಕು, ದೊಡ್ಡದು ನಿಧಾನಕ್ಕೆ ತಿರುಗಿದರೆ ಸಾಕು, ಸದ್ದೂ ಕಡಿಮೆ. ಗ್ರಾಫಿಕ್ಸ್ ಕಾರ್ಡ್ ತೆಗೆದುಕೊಳ್ಳಲೇ ಇಲ್ಲ. ಹಾಡು ಮುದ್ರಿಸುವುದಕ್ಕೆ ಅದರಿಂದ ಉಪಯೋಗವಿಲ್ಲ, ಅದರ ಶಾಖಕ್ಕೆ ಇನ್ನೆರಡು ಫ್ಯಾನ್ ಬೇಕು. ಗ್ರಾಫಿಕ್ಸ್ ಒಳಗೇ ಇರುವ ಆರು ಕೋರಿನ ಪ್ರೊಸೆಸರ್, 16 ಜಿಬಿ ರ‍್ಯಾಮ್, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ. ಅಷ್ಟೇ. ಅಂಗಡಿಯವರಿಗೆ ಈ ವ್ಯಾಪಾರದಲ್ಲಿ ರುಚಿ ಉಳಿಯಲಿಲ್ಲ.

ಇಷ್ಟೂ ಬೇಕಿತ್ತೇ ಎಂದು ಕೇಳಿದರೆ, ಬರೀ ಮೇಷ್ಟ್ರ ಹಾಡಿಗಾದರೆ ಬೇಡ. ಲೆಕ್ಕ ನೋಡಿ. 48 ಕಿಲೋಹರ್ಟ್ಜ್, 24 ಬಿಟ್ ಅಂದರೆ ಸೆಕೆಂಡಿಗೆ 48,000 ಸಲ ಧ್ವನಿಯ ಅಳತೆ ತೆಗೆದು, ಒಂದೊಂದು ಅಳತೆಯನ್ನೂ ಮೂರು ಬೈಟಿನಲ್ಲಿ ಬರೆದಿಡುವುದು. ಒಂದು ಮೈಕಿಗೆ ಸೆಕೆಂಡಿಗೆ 1,44,000 ಬೈಟು, ನಿಮಿಷಕ್ಕೆ 9 ಎಂಬಿಗೂ ಕಡಿಮೆ. ಹತ್ತು ಮೈಕ್ ಒಟ್ಟಿಗೆ ಇಟ್ಟರೂ ಹಳೇ ಹಾರ್ಡ್ ಡಿಸ್ಕ್ ಆಕಳಿಸುತ್ತಾ ಬರೆದುಕೊಳ್ಳುತ್ತದೆ. ಯಂತ್ರಕ್ಕೆ ಮೈಮುರಿ ಕೆಲಸ ಬೀಳುವುದು ಕಂಪ್ಯೂಟರಿನೊಳಗೇ ಪಿಯಾನೋ, ವಯೊಲಿನ್ ತಂಡ ಕೂರಿಸಿಕೊಂಡು ನುಡಿಸುವವರಿಗೆ. ಅಂಥ ವಾದ್ಯಗಳ ಒಂದೊಂದು ಸ್ವರವನ್ನೂ ಹಲವು ಬಗೆಯಲ್ಲಿ ನುಡಿಸಿ ಮುದ್ರಿಸಿಟ್ಟಿರುತ್ತಾರೆ, ಅವೆಲ್ಲ ರ‍್ಯಾಮಿನಲ್ಲಿ ಬಂದು ಕೂರಬೇಕು. ಈ ಹುಡುಗಿಗೆ ಆ ಹುಚ್ಚೂ ಇದೆ, ಅದಕ್ಕೇ 16 ಜಿಬಿ. ಸುಮ್ಮನೆ ಹಾಡುವವರು, ವೀಣೆ ನುಡಿಸುವವರು ಮನೆಯಲ್ಲಿ ಬಿದ್ದಿರುವ ಲ್ಯಾಪ್‌ಟಾಪಿನಲ್ಲೇ ಶುರು ಮಾಡಬಹುದು. ಎಸ್‌ಎಸ್‌ಡಿ ಇಲ್ಲದಿದ್ದರೆ ಅದೊಂದನ್ನು ಹಾಕಿಸಿದರೆ ಸಾಕು. ಉಳಿದ ದುಡ್ಡು ಮೈಕಿಗೂ ಕೋಣೆಗೂ ಹೋಗಲಿ.

ಮೇಜಿನ ಮೇಲಿನ ಆ ಲೋಹದ ಡಬ್ಬಿಯೇ ಆಡಿಯೋ ಇಂಟರ್‌ಫೇಸು. ಕಂಪ್ಯೂಟರಿನಲ್ಲಿ ಮೈಕಿಗೆಂದು ಒಂದು ತೂತು ಮೊದಲೇ ಇರುತ್ತದಲ್ಲ ಎನ್ನಬಹುದು. ಅದು ಮೀಟಿಂಗಿನಲ್ಲಿ ‘ನನ್ನ ಮಾತು ಕೇಳಿಸ್ತಿದ್ಯಾ’ ಎನ್ನುವುದಕ್ಕೆ ಮಾಡಿದ್ದು. ಮೈಕಿನಿಂದ ಬರುವ ವಿದ್ಯುತ್ತು ಬಹಳ ಸೂಕ್ಷ್ಮ. ಅದನ್ನು ಕಸ ಸೇರದಂತೆ ಹಿಗ್ಗಿಸಿ ಆಮೇಲೆ ಅಂಕಿಗಳಾಗಿ ಮಾರ್ಪಡಿಸಬೇಕು. ಡಬ್ಬಿಯ ಕೆಲಸ ಇವೆರಡೇ. ಎದುರು ಭಾಗದಲ್ಲಿ ಎರಡು ಮೈಕ್ ಸಾಕೆಟ್ಟು, ಎರಡು ತಿರುಗಣೆ, 48ವಿ ಎಂದು ಬರೆದ ಒಂದು ಗುಂಡಿ. ಕಂಡೆನ್ಸರ್ ಮೈಕಿಗೆ ಆ 48 ವೋಲ್ಟ್ ಬೇಕೇ ಬೇಕು, ಮೈಕಿನ ವೈರಿನಲ್ಲೇ ಹೋಗುತ್ತದೆ. ವೇದಿಕೆ ಮೇಲೆ ಎಲ್ಲೆಲ್ಲೂ ಕಾಣುವ, 1966ರಿಂದ ಹೆಚ್ಚು ಬದಲಾಗದೆ ನಡೆದುಬಂದಿರುವ ಶೂರ್ ಎಸ್‌ಎಂ58 ಥರದ ಡೈನಮಿಕ್ ಮೈಕಿಗೆ ಬೇಡ. ಕೋಣೆಯಲ್ಲಿ ಸದ್ದು ಜಾಸ್ತಿ ಇದ್ದವರಿಗೆ ಡೈನಮಿಕ್ಕೇ ವಾಸಿ ಎಂಬುದು ನನ್ನ ಅಭಿಪ್ರಾಯ. ಅದು ಬಾಯಿಯ ಹತ್ತಿರದ್ದನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ, ಬೀದಿಯ ಉಸಾಬರಿಗೆ ಅಷ್ಟಾಗಿ ಹೋಗುವುದಿಲ್ಲ. ಇವಳು ಮಾತ್ರ ಕಂಡೆನ್ಸರ್ ತಂದಳು. ಅಪ್ಪನ ಗಮಕದ ನಯ ಬೇಕಂತೆ.

ಮೇಷ್ಟ್ರು ಪಂಚೆ ಉಟ್ಟು, ಮೇಲೊಂದು ಶಲ್ಯ ಹೊದ್ದು, ಬಂದು ಚಾಪೆಯ ಮೇಲೆ ಕೂತರು. ಅವರಿಗೆ ಮೈಕೇನೂ ಹೊಸದಲ್ಲ, ಆಕಾಶವಾಣಿಯಲ್ಲಿ ಹಾಡಿದವರು. ಅಲ್ಲಿಯ ಸ್ಟುಡಿಯೋಗೆ ಎರಡೆರಡು ಬಾಗಿಲು, ಒಳಗೆ ಕೂತರೆ ನಮ್ಮ ಎದೆಬಡಿತವೇ ಕೇಳುತ್ತಿತ್ತು ಎಂದರು. ಆಮೇಲೆ ಮಾತು ಕ್ಯಾಸೆಟ್ಟಿಗೆ ತಿರುಗಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂದಾಗ ಇಡೀ ಬೀದಿ ಅದನ್ನೇ ಕೇಳುತ್ತಿತ್ತಂತೆ. ಆ ಕಾಲಕ್ಕೆ ಕನ್ನಡ ಸಿನಿಮಾ ಹಾಡುಗಳ ಧ್ವನಿಮುದ್ರಣವೆಂದರೆ ಬಹುಪಾಲು ಮದ್ರಾಸಿನ ರೈಲು ಹತ್ತುವುದೇ. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಆಮೇಲೆ.

ಇನ್ನೂ ಹಿಂದೆ ಹೋದರೆ ಮಾಮೂಲಿ ಕೋಣೆಯಲ್ಲಿ ಹಾಡಿ ಮುದ್ರಿಸುವುದು ಏನೇನೂ ಹೊಸದಲ್ಲ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲಿನಲ್ಲೇ ತಾತ್ಕಾಲಿಕ ಸ್ಟುಡಿಯೋ ಹೂಡಿ ಗಾಯಕಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡರು. ಮೈಕಿಲ್ಲ, ಕರೆಂಟಿಲ್ಲ. ದೊಡ್ಡ ಕೊಳವೆಯೊಳಗೆ ಮುಖವಿಟ್ಟು ಜೋರಾಗಿ ಹಾಡಬೇಕು, ಮೂರು ನಿಮಿಷಕ್ಕೆ ಮುಗಿಸಬೇಕು, ಕೊನೆಗೆ ಹೆಸರನ್ನೂ ಕೂಗಬೇಕು. ಅಚ್ಚಾಗಲು ತಟ್ಟೆಗಳು ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿದ್ದವು. ಆ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಮೇಷ್ಟ್ರು ಇದನ್ನು ಹೇಳುವಾಗ ಮಗಳು ಅವರ ಮುಂದೆ ಮೈಕಿನ ಸ್ಟ್ಯಾಂಡನ್ನು ತಿರುಗಿಸುತ್ತಿದ್ದಳು, ಒಂದು ಗೇಣು ದೂರಕ್ಕೆ, ಬಾಯಿಯ ನೇರಕ್ಕಲ್ಲದೆ ಸ್ವಲ್ಪ ಪಕ್ಕಕ್ಕೆ. ನಡುವೆ ಬಟ್ಟೆ ಬಿಗಿದ ಒಂದು ಬಳೆ. ಪ, ಭ ಬಂದಾಗ ಬಾಯಿಂದ ಹೊರಡುವ ಗಾಳಿ ಮೈಕಿಗೆ ಗುದ್ದದಿರಲಿ ಎಂದು.

ಫ್ಯಾನ್ ಆರಿಸಿದಳು. ಏಪ್ರಿಲ್ ತಿಂಗಳು, ಕಿಟಕಿಯೂ ಮುಚ್ಚಿದೆ. ಐದೇ ನಿಮಿಷದಲ್ಲಿ ಎಲ್ಲರ ಹಣೆಯಲ್ಲೂ ಬೆವರು. ಕೋಣೆಯೊಳಗಿನದು ಹೇಗೋ ಹತೋಟಿಗೆ ಬರುತ್ತದೆ, ಹೊರಗಿನದು ಬರುವುದಿಲ್ಲ. ಹಿಂದಿನ ಮನೆಯ ಬೋರ್‌ವೆಲ್ ಮೋಟರು ಏಳಕ್ಕೆ ಹೊರಡುತ್ತದೆ. ಸೊಪ್ಪಿನ ಗಾಡಿಯವರ ಸ್ಪೀಕರು, ಪಾರಿವಾಳ, ಗ್ಯಾಸ್ ಸಿಲಿಂಡರ್ ಉರುಳಿಸುವ ಸದ್ದು, ಎಲ್ಲಕ್ಕೂ ಅವಳ ಹತ್ತಿರ ವೇಳಾಪಟ್ಟಿ ಇದೆ. ಅದರ ಪ್ರಕಾರ ಒಳ್ಳೆಯ ಹೊತ್ತು ಬೆಳಗಿನ ಐದರಿಂದ ಆರೂವರೆ. ನಾನು ಬರುವವನಿದ್ದೆನೆಂದು ಇವತ್ತು ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದರು, ಅದಕ್ಕೇ ಕುಕ್ಕರಿನ ತಕರಾರು.

ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿಲ್ಲವಲ್ಲ ಎಂದು ಕೇಳಿದೆ. ಸಿನಿಮಾಗಳಲ್ಲಿ ನೋಡಿದ ನೆನಪು. ಅವಳು ನಕ್ಕಳು. ರಟ್ಟಿನ ಟ್ರೇ ಹೊರಗಿನ ಸದ್ದನ್ನು ತಡೆಯುವುದಿಲ್ಲ, ತಡೆಯಲು ತೂಕ ಬೇಕು. ಒಳಗಿನ ಮಾರ್ದನಿಯಲ್ಲೂ ಅದರ ಕೈಲಾಗುವುದು ಸ್ವಲ್ಪವೇ. ಬದಲಿಗೆ ಹಿಂದಿನ ಗೋಡೆಗೆ ಹತ್ತಿಯ ಹಾಸಿಗೆ ನಿಲ್ಲಿಸಿದ್ದಾಳೆ, ಪಕ್ಕದಲ್ಲಿ ಪುಸ್ತಕದ ಬೀರು, ಬಾಗಿಲಿಗೆ ರಜಾಯಿ. ಚಪ್ಪಾಳೆ ತಟ್ಟಿ ತೋರಿಸಿದಳು. ಬರಿಗೋಡೆ ಇದ್ದಾಗ ಕೇಳುತ್ತಿದ್ದ ಕರಕರ ಈಗ ಇಲ್ಲ.

ಆದರೂ ಕೋಣೆ ಒಂದು ಸ್ವರವನ್ನು ಬಿಟ್ಟುಕೊಟ್ಟಿರಲಿಲ್ಲ. ಇದು ನನಗೆ ಬಹಳ ಸೋಜಿಗವೆನಿಸಿತು. ಮೇಷ್ಟ್ರ ಶ್ರುತಿ ಸಿ ಶಾರ್ಪ್, ಷಡ್ಜ ಸುಮಾರು 139 ಹರ್ಟ್ಜ್. ಇವತ್ತಿನ ಪಾಠ ಮಾಯಾಮಾಳವಗೌಳ, ಮಂದ್ರಸ್ಥಾಯಿ ವರಸೆ. ಪರೀಕ್ಷೆಗೆಂದು ಸ-ನಿ-ದ-ಪ ಇಳಿದಾಗ ಧೈವತದ ಹತ್ತಿರ ಮಾತ್ರ ಧ್ವನಿ ದಪ್ಪಗೆ ಉಬ್ಬಿ, ಪಂಚಮಕ್ಕೆ ಬಂದಾಗ ಮತ್ತೆ ಇಳಿಯಿತು. ಮೇಷ್ಟ್ರು ಹಾಡಿದ್ದು ಒಂದೇ ಸಮ. ಉಬ್ಬಿಸಿದ್ದು ಕೋಣೆ. 10 ಅಡಿ ದೂರದ ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಜಿನ ಅಲೆ ಸರಿಯಾಗಿ ಕೂರುತ್ತದೆ, ಅದರ ದುಪ್ಪಟ್ಟು 112ರ ಆಸುಪಾಸಿನದೂ ಕೂರುತ್ತದೆ. ಮೇಷ್ಟ್ರ ಮಂದ್ರದ ಶುದ್ಧ ಧೈವತ ಸುಮಾರು 111. ಸೂರೂ 10 ಅಡಿ ಎತ್ತರವಾದ್ದರಿಂದ ಉಬ್ಬಿಗೆ ಇನ್ನಷ್ಟು ಬಲ. ಇದಕ್ಕೆ ಯಾವ ಪ್ರೊಸೆಸರ್ ತಂದರೂ ಮದ್ದಿಲ್ಲ. ಚಾಪೆಯನ್ನು ನಡುಕೋಣೆಯಿಂದ ಉದ್ದಕ್ಕೂ ಅಡ್ಡಕ್ಕೂ ಒಂದೆರಡು ಅಡಿ ಸರಿಸಿ, ಮತ್ತೆ ಹಾಡಿಸಿ, ಮತ್ತೆ ಸರಿಸಿ, ಕೊನೆಗೆ ಬೀರುವಿನ ಕಡೆಗೆ ಓರೆಯಾಗಿ ಕೂರಿಸಿದಾಗ ಉಬ್ಬು ಬಹುಮಟ್ಟಿಗೆ ಇಳಿಯಿತು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಗುರುತು ಹಾಕಿಟ್ಟಳು. ‘ಏನಮ್ಮಾ, ಕುಂಟೆಬಿಲ್ಲೆ ಆಡ್ಬೇಕಾ?’ ಎಂದರು ಮೇಷ್ಟ್ರು.

ಹೆಡ್‌ಫೋನ್ ಹಾಕಿಕೊಂಡು ಮೊದಲ ಸಾಲು ಹಾಡಿದವರೇ ನಿಲ್ಲಿಸಿದರು.

‘ಇದೇನಿದು, ಯಾರೋ ಹಿಂದೆ ಕೂತು ಅಣಕಿಸ್ತಿದ್ದಾರೆ.’

‘ಲೇಟೆನ್ಸಿ ಅಪ್ಪ. ಒಂದು ನಿಮಿಷ.’

ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಲು ಹೊರಟ ಪ್ರತಿಯೊಬ್ಬರೂ ಎಡವುವ ಜಾಗ ಇದು. ಕಂಪ್ಯೂಟರು ಧ್ವನಿಯನ್ನು ಹನಿಹನಿಯಾಗಿ ಮುಟ್ಟುವುದಿಲ್ಲ, ಬಫರ್ ಎಂಬ ಪಾತ್ರೆ ತುಂಬಿದ ಮೇಲೆ ಒಟ್ಟಿಗೆ ಒಯ್ಯುತ್ತದೆ. ಮದುವೆ ಮನೆಯಲ್ಲಿ ಸಾರು ಬಡಿಸುವವರನ್ನು ನೆನೆಯಿರಿ. ದೊಡ್ಡ ಬಕೆಟ್ ತುಂಬಿಸಿಕೊಂಡು ಬರುವವನು ಅಡುಗೆಮನೆಗೆ ಓಡಾಡುವುದು ಕಡಿಮೆ, ಆದರೆ ಎಲೆಯ ಮುಂದೆ ಕೂತವರು ಕಾಯಬೇಕು. ಚಿಕ್ಕ ಪಾತ್ರೆಯವನು ಬೇಗ ಬರುತ್ತಾನೆ, ಓಡಿ ಓಡಿ ಸುಸ್ತಾಗುತ್ತಾನೆ, ಒಂದು ಸಲ ತಡವಾದರೂ ಪಂಕ್ತಿಯಲ್ಲಿ ಗಲಾಟೆ. ಪರದೆಯ ಮೇಲೆ ಬಫರ್ 1024 ಎಂದಿತ್ತು. 1024 ಅಳತೆ ತುಂಬಲು 21 ಮಿಲಿಸೆಕೆಂಡ್. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಒಟ್ಟು 40 ದಾಟಿತು. ಅವಳು ಅದನ್ನು 128ಕ್ಕೆ ಇಳಿಸಿದಳು. ಈಗ ಒಂದು ದಾರಿಗೆ 2.7 ಮಿಲಿಸೆಕೆಂಡ್, ಡಬ್ಬಿಯೊಳಗಿನ ವಿಳಂಬವೂ ಸೇರಿ ಹೋಗಿಬರಲು ಹತ್ತರೊಳಗೆ.

ಹತ್ತು ಮಿಲಿಸೆಕೆಂಡ್ ಅಂದರೆ ಎಷ್ಟು? ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಮೃದಂಗದವರು ಹನ್ನೊಂದು ಅಡಿ ಆಚೆ ಕೂತರೆ ಅವರ ಪೆಟ್ಟು ನಮ್ಮನ್ನು ತಲುಪಲು ಅಷ್ಟೇ ಹೊತ್ತು ಹಿಡಿಯುತ್ತದೆ. ದೊಡ್ಡ ವೇದಿಕೆಯಲ್ಲಿ ಅಷ್ಟು ದೂರ ಕೂತು ನುಡಿಸುವುದು ಇದ್ದೇ ಇದೆ, ತಾಳ ಕೆಡುವುದಿಲ್ಲ. ಆದರೆ ನಮ್ಮದೇ ಧ್ವನಿ ತಡವಾಗಿ ಬಂದರೆ ಬೇರೆ ಕತೆ. ಗಂಟಲಿನಿಂದ ಮೂಳೆಯ ಮೂಲಕ ಅದು ಆಗಲೇ ಕಿವಿ ಸೇರಿರುತ್ತದೆ, ಹಿಂದೆಯೇ ಹೆಡ್‌ಫೋನಿನದು ಬಂದು ಅದರ ಮೇಲೆ ಬೀಳುತ್ತದೆ. ಮೇಷ್ಟ್ರಿಗೆ 128ರಲ್ಲೂ ಸಮಾಧಾನವಾಗಲಿಲ್ಲ. ‘ಅಣಕಿಸೋದು ನಿಲ್ಲಿಸಿದ, ಆದ್ರೆ ಹೋಗಿಲ್ಲ, ಇಲ್ಲೇ ಇದ್ದಾನೆ’ ಎಂದರು. ಅವಳು ಡಬ್ಬಿಯ ಮೇಲಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿದಳು. ಅದರಿಂದ ಮೈಕಿನ ಧ್ವನಿ ಕಂಪ್ಯೂಟರಿಗೆ ಹೋಗಿ ಬರುವ ಗೋಜಿಲ್ಲದೆ ಡಬ್ಬಿಯಿಂದಲೇ ಹೆಡ್‌ಫೋನಿಗೆ ಬರುತ್ತದೆ. ಮೇಷ್ಟ್ರು ತಲೆದೂಗಿದರು. ಬರೀ ಹಾಡುವವರಿಗೆ ಈ ಒಂದು ಗುಂಡಿಯೇ ಮುಕ್ಕಾಲು ಪಾಲು ಪರಿಹಾರ. ಬಫರನ್ನು ಎಷ್ಟು ಬೇಕಾದರೂ ದೊಡ್ಡದಿಟ್ಟು ನಿಶ್ಚಿಂತೆಯಾಗಿರಬಹುದು. ಕೀಬೋರ್ಡ್ ಒತ್ತಿ ಕಂಪ್ಯೂಟರಿನೊಳಗಿನ ಪಿಯಾನೋ ನುಡಿಸುವವರಿಗೆ ಮಾತ್ರ ಚಿಕ್ಕ ಬಫರ್ ಇಲ್ಲದೆ ಗತಿಯಿಲ್ಲ, ಏಕೆಂದರೆ ಅಲ್ಲಿ ನಾದ ಹುಟ್ಟುವುದೇ ಯಂತ್ರದೊಳಗೆ.

ಸುಮ್ಮನಿರುವ ಯಂತ್ರ ಎಂದೆನಲ್ಲ, ಅದರ ಎರಡನೇ ಅರ್ಥ ಗೊತ್ತಾಗುವುದು ಇಲ್ಲಿ. ಬಫರ್ 128 ಅಂದರೆ ಕಂಪ್ಯೂಟರು ಸೆಕೆಂಡಿಗೆ 375 ಸಲ ತಪ್ಪದೆ ಹಾಜರಿ ಹಾಕಬೇಕು. ಒಂದು ಸಲ ತಪ್ಪಿದರೆ ಟಿಕ್ ಎಂದು ಸದ್ದು, ಆ ಸಾಲು ಹಾಳು. ತಪ್ಪುವುದು ಪ್ರೊಸೆಸರಿಗೆ ಶಕ್ತಿ ಸಾಲದೆಯೇ ಆಗಬೇಕೆಂದಿಲ್ಲ. ಎಷ್ಟೋ ಸಲ ವೈಫೈ ಡ್ರೈವರ್ ಮೂರು ಮಿಲಿಸೆಕೆಂಡ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಅಥವಾ ವಿದ್ಯುತ್ ಉಳಿಸಲೆಂದು ಪ್ರೊಸೆಸರು ಜೋಂಪು ಹತ್ತಿ ನಿಧಾನವಾಗಿರುತ್ತದೆ, ಇಲ್ಲವೇ ಯುಎಸ್‌ಬಿ ಕಿಂಡಿಯೇ ನಿದ್ದೆಗೆ ಜಾರಿರುತ್ತದೆ. ಇಮೇಲ್ ತೆರೆಯಲು ಮೂರು ಮಿಲಿಸೆಕೆಂಡ್ ತಡವಾದರೆ ಯಾರಿಗೂ ತಿಳಿಯುವುದಿಲ್ಲ, ತಾನಕ್ಕೆ ತಡವಾದರೆ ಎಲ್ಲರಿಗೂ ತಿಳಿಯುತ್ತದೆ.

ವಿಂಡೋಸಿನಲ್ಲಿ ಅವಳು ಮಾಡಿದ್ದು ಇಷ್ಟು. ಪವರ್ ಆಪ್ಷನ್ಸಿನಲ್ಲಿ ಹೈ ಪರ್ಫಾರ್ಮೆನ್ಸ್ ಆರಿಸಿದಳು, ಯುಎಸ್‌ಬಿ ನಿದ್ದೆಯನ್ನು ತೆಗೆದುಹಾಕಿದಳು, ರೆಕಾರ್ಡಿಂಗ್ ಹೊತ್ತಿನಲ್ಲಿ ವೈಫೈ, ಬ್ಲೂಟೂತ್ ಎರಡೂ ಬಂದ್. ಕ್ಲೌಡಿಗೆ ತಂತಾನೇ ಫೈಲ್ ಕಳಿಸುವ ಪ್ರೋಗ್ರಾಮುಗಳಿಗೂ ರಜೆ. ಲೇಟೆನ್ಸಿಮಾನ್ ಎಂಬ ಉಚಿತ ಪ್ರೋಗ್ರಾಮ್ ಹಾಕಿ ಹತ್ತು ನಿಮಿಷ ಓಡಿಸಿದರೆ ಯಾವ ಡ್ರೈವರ್ ಕಿತಾಪತಿ ಮಾಡುತ್ತಿದೆಯೆಂದು ಹೆಸರು ಹಿಡಿದು ತೋರಿಸುತ್ತದೆ. ಇವಳ ಯಂತ್ರದಲ್ಲಿ ಅದು ಬೆಟ್ಟು ಮಾಡಿದ್ದು ವೈಫೈ ಕಡೆಗೇ. ಎಲ್ಲಕ್ಕಿಂತ ಮುಖ್ಯ, ಡಬ್ಬಿ ಮಾಡಿದ ಕಂಪನಿಯ ಸ್ವಂತ ಆಸಿಯೊ ಡ್ರೈವರ್ ಹಾಕಿಕೊಳ್ಳುವುದು. ವಿಂಡೋಸಿನ ಮಾಮೂಲಿ ದಾರಿಯಲ್ಲಿ ಹೋದರೆ ಎಲ್ಲ ಪ್ರೋಗ್ರಾಮುಗಳ ಸದ್ದೂ ಒಂದೆಡೆ ಬೆರೆತು ಬರುವುದರಿಂದ ತಡವಾಗುತ್ತದೆ. ಅದನ್ನು ಬಳಸಿ ಹೋಗಲು ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1990ರ ದಶಕದಲ್ಲಿ ಮಾಡಿದ ಒಳದಾರಿಯೇ ಆಸಿಯೊ. ಮ್ಯಾಕಿನಲ್ಲಿ ಈ ರಗಳೆ ಇಲ್ಲ, ಅಲ್ಲಿ ಕೋರ್ ಆಡಿಯೋ ಮೊದಲಿನಿಂದಲೇ ಕೂತಿದೆ. ಅದಕ್ಕೇ ಸಂಗೀತಗಾರರು ಮ್ಯಾಕ್ ಮ್ಯಾಕ್ ಎನ್ನುವುದು. ಆ ದುಡ್ಡಿಗೆ ಒಳ್ಳೆಯ ತಂಬೂರಿ ಬರುತ್ತದೆ ಎಂಬುದು ಮೇಷ್ಟ್ರ ವಾದ.

ಮೊದಲ ಸಲ ಮುದ್ರಿಸಿ ಕೇಳಿದಾಗ ಒಂದು ಝುಂ ಎನ್ನುವ ಸದ್ದೂ ಇತ್ತಂತೆ. ನಮ್ಮ ಮನೆಗಳ ಕರೆಂಟು 50 ಹರ್ಟ್ಜಿನದು. ಅರ್ತಿಂಗ್ ಸರಿಯಿಲ್ಲದಿದ್ದರೆ ಅದೂ ಅದರ ದುಪ್ಪಟ್ಟೂ ಧ್ವನಿಯೊಳಗೆ ನುಸುಳುತ್ತವೆ. ಲ್ಯಾಪ್‌ಟಾಪ್ ಇರುವವರು ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಬೇಕು, ಝುಂ ನಿಂತರೆ ದೋಷ ಪ್ಲಗ್ಗಿನ ಕಡೆಯದು. ಇಲ್ಲಿ ಮಾನಿಟರ್ ಒಂದು ಪ್ಲಗ್ಗಿನಲ್ಲಿ, ಕ್ಯಾಬಿನೆಟ್ ಇನ್ನೊಂದರಲ್ಲಿ ಇತ್ತು. ಎರಡನ್ನೂ ಒಂದೇ ಬೋರ್ಡಿಗೆ ತಂದದ್ದೇ ಸರಿಹೋಯಿತು. ಕರೆಂಟ್ ಹೋದಾಗ ಮನೆಯ ಹಳೇ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಮಾತ್ರ ರೆಕಾರ್ಡಿಂಗ್ ಬೇಡ, ಅದರ ಕಿರಿಕಿರಿ ಮೈಕಿನೊಳಗೇ ಬಂದು ಕೂರುತ್ತದೆ.

ಇನ್ನು ಸಾಫ್ಟ್‌ವೇರ್. ಇದರ ಬಗ್ಗೆ ಜನ ಗಂಟೆಗಟ್ಟಲೆ ಜಗಳವಾಡುತ್ತಾರೆ, ನನಗೆ ಅಷ್ಟು ಉತ್ಸಾಹವಿಲ್ಲ. ಒಂದು ಮೈಕಿನ ಪಾಠಕ್ಕೆ 2000ದಿಂದ ಉಚಿತವಾಗಿ ಸಿಗುತ್ತಿರುವ ಅಡಾಸಿಟಿ ಧಾರಾಳ ಸಾಕು. ಮ್ಯಾಕಿನವರಿಗೆ ಗ್ಯಾರೇಜ್‌ಬ್ಯಾಂಡ್ ಜೊತೆಯಲ್ಲೇ ಬರುತ್ತದೆ. ಇವಳು ಬಳಸುವುದು ರೀಪರ್. ಒಂದು ಕಾಲಕ್ಕೆ ಎಲ್ಲರ ಕಂಪ್ಯೂಟರಿನಲ್ಲೂ ಎಂಪಿ3 ಹಾಡಿಸುತ್ತಿದ್ದ ವಿನ್ಯಾಂಪ್ ಬರೆದ ಜಸ್ಟಿನ್ ಫ್ರಾಂಕೆಲ್ ಅವರದೇ ಕೈಕೆಲಸ ಇದು. 60 ದಿನ ಪೂರ್ತಿಯಾಗಿ ಬಳಸಿ ನೋಡಿ ಆಮೇಲೆ ದುಡ್ಡು ಕೊಡಬಹುದು. ಹಳೇ ಕಂಪ್ಯೂಟರಿನಲ್ಲೂ ಹಗುರಾಗಿ ಓಡುತ್ತದೆ.

ಆದರೆ ಇವೆಲ್ಲವೂ ಪಾಶ್ಚಾತ್ಯ ಸಂಗೀತಕ್ಕೆಂದು ಹುಟ್ಟಿದವು. ಹೊಸ ಪುಟ ತೆರೆದರೆ ಸಾಮಾನ್ಯವಾಗಿ ನಿಮಿಷಕ್ಕೆ 120 ಪೆಟ್ಟು, ನಾಲ್ಕು ನಾಲ್ಕರ ಗೆರೆ ಎಳೆದುಕೊಂಡು ಸಿದ್ಧವಾಗಿರುತ್ತವೆ. ಆದಿತಾಳದ ಎಂಟು ಎಣಿಕೆಯನ್ನು ಅದರ ಎರಡು ಮನೆಗೆ ಹೇಗೋ ಕೂರಿಸಬಹುದು. ಖಂಡಛಾಪಿಗೆ ಐದು, ಮಿಶ್ರಛಾಪಿಗೆ ಏಳು ಎಂದು ನಾವೇ ಬದಲಿಸಬೇಕು. ಆಲಾಪನೆಗೆ ಆ ಗೆರೆಗಳೇ ಬೇಡ. ಆದ್ದರಿಂದ ಅವಳು ಮೊದಲು ಮಾಡುವುದು ಮೆಟ್ರೊನೋಮ್ ಆರಿಸಿ, ಸ್ನ್ಯಾಪ್ ತೆಗೆಯುವುದು. ಸ್ನ್ಯಾಪ್ ಇದ್ದರೆ ಕತ್ತರಿಸಿದ ತುಂಡು ತಂತಾನೇ ಗೆರೆಗೆ ಹೋಗಿ ಅಂಟಿಕೊಳ್ಳುತ್ತದೆ, ಹಾಡು ಹೊರಡುವ ಎಡುಪಿನಲ್ಲಿ ಬಿಟ್ಟ ಜಾಗ ನುಂಗಿಹೋಗುತ್ತದೆ.

ಕೀಬೋರ್ಡಿನಲ್ಲೂ ಇದೇ ಪಾಡು. 1983ರಲ್ಲಿ ಬಂದ ಮಿಡಿ ಎಂಬ ಒಪ್ಪಂದದಿಂದಾಗಿ ಯಾವ ಕಂಪನಿಯ ಕೀಬೋರ್ಡಾದರೂ ಯಾವ ಕಂಪ್ಯೂಟರಿನ ಜೊತೆಗಾದರೂ ಮಾತಾಡುತ್ತದೆ. ಅದರಲ್ಲಿ ಧ್ವನಿ ಹೋಗುವುದಿಲ್ಲ, ಯಾವ ಮನೆ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ ಎಂಬ ಸುದ್ದಿ ಮಾತ್ರ ಹೋಗುತ್ತದೆ. ಜೋರಿಗೆ 127ರ ತನಕ ಅಂಕಿ. ಎರಡು ಮನೆಗಳ ನಡುವಿನ ಜಾರುದಾರಿಗೆ ಪಿಚ್ ಬೆಂಡ್ ಚಕ್ರ, ಅದಕ್ಕೆ 16,384 ಮೆಟ್ಟಿಲು. ಮೆಟ್ಟಿಲೇನೋ ಸಾಕಷ್ಟಿವೆ. ಆದರೆ ಎಡಗೈಯಲ್ಲಿ ಚಕ್ರ ತಿರುಗಿಸುತ್ತಾ ಬಲಗೈಯಲ್ಲಿ ತೋಡಿಯ ಗಾಂಧಾರ ತೂಗುವುದು ವರ್ಷಗಳ ಸಾಧನೆ. ಹುಡುಗಿ ನುಡಿಸಿ ತೋರಿಸಿದಳು. ಮೇಷ್ಟ್ರು ಏನೂ ಹೇಳಲಿಲ್ಲ, ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡರು.

ಶ್ರುತಿಯದು ಬೇರೆಯೇ ಮುತುವರ್ಜಿ. ಎಲೆಕ್ಟ್ರಾನಿಕ್ ತಂಬೂರಿ ಬೆಂಗಳೂರಿಗೆ ಹೊರಗಿನದಲ್ಲ, ರಾಡೆಲ್ ಕಂಪನಿಯ ಜಿ. ರಾಜ್ ನಾರಾಯಣ್ ಅದನ್ನು ಮಾಡಿದ್ದು ಇದೇ ಊರಿನಲ್ಲಿ. ಮೇಷ್ಟ್ರ ಪೆಟ್ಟಿಗೆ ಕೋಣೆಯಲ್ಲಿ ಮೊಳಗುತ್ತಿದ್ದರೆ ಗಾಯನದ ಮೈಕಿನಲ್ಲೂ ಬಂದುಬಿಡುತ್ತದೆ. ಆಮೇಲೆ ಶ್ರುತಿ ಜಾಸ್ತಿಯಾಯಿತು, ಇಳಿಸು ಎಂದರೆ ಆಗುವುದಿಲ್ಲ. ಆದ್ದರಿಂದ ಪೆಟ್ಟಿಗೆಯನ್ನು ಡಬ್ಬಿಯ ಎರಡನೇ ಸಾಕೆಟ್ಟಿಗೆ ವೈರಿನಲ್ಲೇ ಸೇರಿಸಿದ್ದಾಳೆ. ಅದು ಬೇರೆ ಟ್ರ್ಯಾಕಿನಲ್ಲಿ ಕೂರುತ್ತದೆ, ಮೇಷ್ಟ್ರಿಗೆ ಹೆಡ್‌ಫೋನಿನಲ್ಲಿ ಕೇಳುತ್ತದೆ, ಕೋಣೆ ನಿಶ್ಶಬ್ದ. ಹೆಡ್‌ಫೋನ್ ಕಿವಿಯನ್ನು ಪೂರ್ತಿ ಮುಚ್ಚುವಂಥದ್ದೇ ಬೇಕು, ಇಲ್ಲವಾದರೆ ಅದರಿಂದ ಸೋರಿದ್ದೂ ಮೈಕಿಗೆ.

ಕೊನೆಯ ಸಿದ್ಧತೆ ಮಟ್ಟ ಹಿಡಿಯುವುದು. ‘ಅಪ್ಪ, ಇರೋದ್ರಲ್ಲೇ ಜೋರಾಗಿ ಒಂದ್ಸಲ ಹಾಡಿ.’ ಅವರು ತಾರಷಡ್ಜಕ್ಕೆ ಏರಿದಾಗ ಪರದೆಯ ಮೇಲಿನ ಪಟ್ಟಿ ಮೈನಸ್ ಹನ್ನೆರಡು ಡೆಸಿಬಲ್ಲಿನ ಹತ್ತಿರ ನಿಲ್ಲುವಂತೆ ತಿರುಗಣೆ ಹಿಡಿದಳು. ಸೊನ್ನೆಯೇ ಮಾಳಿಗೆ. ಅದನ್ನು ಮುಟ್ಟಿದರೆ ಧ್ವನಿ ಕತ್ತರಿಸಿಹೋಗುತ್ತದೆ, ಆಮೇಲೆ ಯಾವ ಉಪಾಯದಿಂದಲೂ ಅದು ಮೊದಲಿನಂತಾಗುವುದಿಲ್ಲ. 1982ರಲ್ಲಿ ಸಿಡಿ ಬಂದಾಗಿನ 16 ಬಿಟ್ಟಿನಲ್ಲಿ ಸುಮಾರು 96 ಡೆಸಿಬಲ್ಲಿನ ಹರವು, 24 ಬಿಟ್ಟಿನಲ್ಲಿ ಲೆಕ್ಕಕ್ಕೆ 144. ಅಷ್ಟು ಜಾಗ ಇರುವಾಗ ಮೇಲಕ್ಕೆ ಹೋಗಿ ತಲೆ ಹೊಡೆಸಿಕೊಳ್ಳುವುದೇಕೆ? ಮೆಲ್ಲಗೆ ಮುದ್ರಿಸಿ ಆಮೇಲೆ ಏರಿಸಿದರಾಯಿತು. ಜೋರಾಗಿದ್ದರೆ ಚೆನ್ನಾಗಿರುತ್ತದೆ ಎಂಬ ನಂಬಿಕೆ ಟೇಪ್ ಕಾಲದ್ದು, ಆಗ ಟೇಪಿನ ಹಿಸ್ ಮುಚ್ಚಬೇಕಿತ್ತು.

ಕೆಂಪು ದೀಪ ಹತ್ತಿತು. ಮೇಷ್ಟ್ರು ಹಾಡಿದರು. ಮಂದ್ರಸ್ಥಾಯಿ ವರಸೆ ಮೂರು ಕಾಲದಲ್ಲೂ, ನಡುವೆ ಒಂದೆಡೆ ಮೋಟರ್‌ಬೈಕ್ ಹೋದದ್ದರಿಂದ ಎರಡನೇ ಕಾಲ ಮತ್ತೊಮ್ಮೆ. ಬೈಕಿನ ತುಂಡನ್ನು ಅವಳು ಕತ್ತರಿಸಿ ಎಸೆದು ಹೊಸದನ್ನು ಸೇರಿಸಿದ್ದು ಮೇಷ್ಟ್ರಿಗೆ ಅಷ್ಟು ಸರಿಬರಲಿಲ್ಲ. ‘ಪೂರ್ತಿ ಹಾಡ್ತಿದ್ನಲ್ಲ’ ಎಂದರು. ಕೇಳಿದಾಗ ಹೊಲಿಗೆ ಎಲ್ಲಿದೆಯೆಂದು ಅವರಿಗೂ ಸಿಗಲಿಲ್ಲ, ಆದರೂ ಮುನಿಸು ಪೂರ್ತಿ ಇಳಿಯಲಿಲ್ಲ. ನನಗೆ ಮೇಷ್ಟ್ರ ಪಕ್ಷವೇ ಸರಿ ಅನ್ನಿಸಿತು. ಪಾಠ ಕೇಳುವ ಮಗುವಿಗೆ ಒಂದೇ ಉಸಿರಿನ ಓಟ ಸಿಗಬೇಕು. ಮಗಳು ಒಪ್ಪಲಿಲ್ಲ.

ಫೈಲಿಗೆ ತಾರೀಖು, ರಾಗ, ವರಸೆ ಎಂದು ಕ್ರಮವಾಗಿ ಹೆಸರಿಟ್ಟು, ಹೊರಗಿನ ಡಿಸ್ಕಿಗೆ ಒಂದು ಪ್ರತಿ ಇಳಿಸಿದಳು. ವೈಫೈ ಮತ್ತೆ ಹಚ್ಚಿ ಕ್ಲೌಡಿಗೆ ಇನ್ನೊಂದು. ನ್ಯೂಜೆರ್ಸಿಗೆ ಹೋಗುವುದು ಮಾತ್ರ ಎಂಪಿ3. ಕಳಿಸುವ ಮೊದಲು ಅದನ್ನು ಹೆಡ್‌ಫೋನಿನಲ್ಲಿ ಕೇಳಿದಳು, ಆಮೇಲೆ ಅಮ್ಮನ ಫೋನಿನಲ್ಲಿ. ಅಲ್ಲಿಯ ಮಕ್ಕಳು ಕೇಳುವುದೂ ಹೆಚ್ಚಾಗಿ ಫೋನಿನಲ್ಲೇ, ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರವೇ ಮೊದಲು ಮಾಯವಾಗುವುದು. ಶ್ರುತಿಯ ಸದ್ದನ್ನು ಒಂದು ಚೂರು ಇಳಿಸಿ ಎಂಪಿ3ಯನ್ನು ಮತ್ತೆ ತೆಗೆದಳು.

ಕೆಳಗೆ ಕುಕ್ಕರ್ ಕೂಗಿತು. ಫ್ಯಾನ್ ಹಾಕಿದ ಮೇಲೆ ಮೇಷ್ಟ್ರು ಶಲ್ಯದಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಮುಂದಿನ ವಾರದ ಮಾತೆತ್ತಿದರು. ಮೃದಂಗದವರನ್ನು ಕರೆಸಬೇಕಂತೆ, ವರ್ಣ ಹಾಡಬೇಕಂತೆ. ಮಗಳು ಬೆರಳು ಮಡಿಸಿದಳು. ಮೃದಂಗದ ಎಡಕ್ಕೊಂದು ಬಲಕ್ಕೊಂದು ಮೈಕು, ಗಾಯನಕ್ಕೊಂದು, ಶ್ರುತಿಗೊಂದು. ಡಬ್ಬಿಯಲ್ಲಿ ಇರುವುದೇ ಎರಡು ಸಾಕೆಟ್ಟು, ನಾಲ್ಕಿನದು ತರಬೇಕು. ಮೃದಂಗದವರು ಎಲ್ಲಿ ಕೂರಬೇಕು, ಅವರ ಸದ್ದು ಗಾಯನದ ಮೈಕಿಗೆ ಬರದಂತೆ ಹಾಸಿಗೆಯನ್ನು ನಡುವೆ ನಿಲ್ಲಿಸಿದರೆ ಒಬ್ಬರ ಮುಖ ಒಬ್ಬರಿಗೆ ಕಾಣದಲ್ಲ ಎಂದು ಅಪ್ಪ ಮಗಳ ನಡುವೆ ಆಗಲೇ ವಾದ ಶುರುವಾಗಿತ್ತು.

‘ಕಂಪ್ಯೂಟರ್ ಸಾಕಾಗುತ್ತಾ?’ ಎಂದು ಕೇಳಿದೆ.

‘ಅದಕ್ಕೇನಾಗಿದೆ ಅಂಕಲ್, ಅದು ಹಾಗೇ ಇರುತ್ತೆ’ ಎಂದವಳೇ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಇನ್ನೊಂದು ಗುರುತು ಹಾಕತೊಡಗಿದಳು.